ಗರಗಸಕ್ಕೆ ಎರಡು ಬೆಣೆ ಕೊಸರು

ಓಹೇರ್ ವಿಮಾನ ನಿಲ್ದಾಣ

ಗಾಜಿನ ಬಳೆಯನ್ನು ಅಮೆರಿಕಕ್ಕೆ ಒಯ್ಯುವವರು ಡಬ್ಬದಲ್ಲಿ ಹತ್ತಿ ತುಂಬಿ ಒಯ್ಯುವ ತಪ್ಪು ಮಾಡಬೇಡಿ. ಹಳೆಯ ಪಂಚೆಯೊಂದನ್ನು ಬಿಗಿಯಾಗಿ ಸುರುಳಿ ಸುತ್ತಿ ಬಳೆಗಳ ಒಳಗೆ ತೂರಿಸಿ. ಇನ್ನೊಂದು ಪಂಚೆಯನ್ನು ಹೊರಗಿನಿಂದ ಸುತ್ತಿ. ಆ ಗಂಟನ್ನು ಕೈಚೀಲದಲ್ಲಿಟ್ಟು ಕೂಸಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಳ್ಳಿ. ವಿಮಾನ ಏರುವಾಗ, ಇಳಿಯುವಾಗ ಮಾತ್ರ ಕಾಲ ಬಳಿ ಇಡಿಸುತ್ತಾರೆ. ಆಗ ಎರಡು ಪಾದಗಳ ನಡುವೆ ಹಿಡಿದುಕೊಳ್ಳಿ. ನಾನು ಹೀಗೆಯೇ ಮಾಡಿದೆ. ಮೈಸೂರಿನಿಂದ ಶಿಕಾಗೊವರೆಗೆ ಒಂದು ಬಳೆಯೂ ಬಿರುಕು ಬಿಡಲಿಲ್ಲ.

ಓಹೇರ್‌ನಲ್ಲಿ ತಪಾಸಣೆಯ ಅಧಿಕಾರಿ ಗಂಟು ನೋಡಿ ಹುಬ್ಬು ಗಂಟಿಕ್ಕಿದ.

"ಏನಿದು?"

"ಗ್ಲಾಸ್" ಅಂದೆ.

ಆ ಉತ್ತರ ಅವನಿಗೆ ರುಚಿಸಲಿಲ್ಲ. ಬಿಚ್ಚಿಸಿದ. ಮೇಜಿನ ಮೇಲೆ ಹಸಿರು ಬಳೆಗಳ ರಾಶಿ ನಿಂತಿತು. ಯಾರಿಗೆ ಎಂದು ಕೇಳಿದ. ತಂಗಿಯ ಮಗಳು ಬಸುರಿ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಪದ ಹೊಳೆಯದೆ ಹೊಟ್ಟೆಯ ಮುಂದೆ ಕೈಯನ್ನು ಗುಂಡಗೆ ಆಡಿಸಿ ತೋರಿಸಿದೆ. ಅವನು ನನ್ನ ಹೊಟ್ಟೆಯನ್ನೇ ದಿಟ್ಟಿಸಿ, ನನ್ನ ನರೆತ ಮೀಸೆಯನ್ನೂ ನೋಡಿ, ಅನುಮಾನದಲ್ಲಿ ಬಿದ್ದ. ಹಿಂದಿದ್ದ ಹೆಂಗಸೊಬ್ಬಳು ನಕ್ಕು ಬಿಡಿಸಿ ಹೇಳಿದ ಮೇಲೆ ಅವನ ಮುಖ ಸಡಿಲವಾಯಿತು. ಒಂದು ಬಳೆಯನ್ನು ಇನ್ನೊಂದಕ್ಕೆ ತಾಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿ, ಜೋಪಾನವಾಗಿ ತಾನೇ ಪಂಚೆಯಲ್ಲಿ ಸುತ್ತಿಕೊಟ್ಟ. ನಮ್ಮೂರ ಬಸ್ ಕಂಡಕ್ಟರಿಂದ ಇಷ್ಟು ಮರ್ಯಾದೆ ನನ್ನ ಸಾಮಾನಿಗೆ ಯಾವತ್ತೂ ಸಿಕ್ಕಿಲ್ಲ.

ಗ್ಲೆಂಡೇಲ್ ಹೈಟ್ಸ್

ನನ್ನ ತಂಗಿ ನಾಗರತ್ನ ಇಲ್ಲಿ ನರ್ಸ್. ಅವಳ ಗಂಡ ಪ್ರಕಾಶ, ಡೆಸ್ ಪ್ಲೇನ್ಸ್‌ನಲ್ಲಿ ವಿಮಾನದ ಸರಕು ಸಾಗಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದಾನೆ. ಎಷ್ಟೋ ವರ್ಷ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಕಳೆದು, ಕಳೆದ ವರ್ಷವಷ್ಟೇ ಹಿತ್ತಲಿರುವ ಮನೆ ಕೊಂಡಿದ್ದಾರೆ. ಅವರ ಒಬ್ಬಳೇ ಮಗಳು, ಬಸುರಿ ಮೇಘನಾಳಿಗೆ ಈಗ ಏಳು ತಿಂಗಳು ತುಂಬಿದೆ. ಭಾನುವಾರ ಅದೇ ಹಿತ್ತಲಲ್ಲಿ ಅವಳಿಗೆ ಬಳೆ ತೊಡಿಸುವ ಶಾಸ್ತ್ರ. ಬಳೆ ತರಬೇಕಾದವನು ಸೋದರಮಾವನಾದ ನಾನು. ಅದಕ್ಕಾಗಿಯೇ ಈ ಪ್ರವಾಸ.

ತಂಗಿ ಬಾಗಿಲಲ್ಲೇ ಕೈ ಚಾಚಿದಳು. "ಮೊದ್ಲು ಬಳೆ ತೋರ್ಸು ಅಣ್ಣ. ಕಾಫಿ ಆಮೇಲೆ."

ಕಾಫಿ ಬರುವ ಮೊದಲೇ ಫೋನು ಬಂತು. ಮಾಡಿದವರು ಬೀಗಿತಿ ವಸುಂಧರಾ, ಮೇಘನಾಳ ಅತ್ತೆ. ಊರು ಗದಗ, ಈಗ ಇರುವುದು ಅರೋರಾದಲ್ಲಿ. ತಂಗಿ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವಂತೆ ಮಾಡಿದಳು.

"ನಾಗರತ್ನಾ ಅವ್ರ, ಇಲ್ಲಿ ಹಾಲ್ ಐತಿ, ಎಸಿ ಐತಿ, ಅಡಿಗಿ ಮಂದಿ ಅದಾರ. ಹಿತ್ತಲದಾಗ ಯಾಕ್ರೀ ತ್ರಾಸ? ಮಳಿ ಬಂದ್ರ ಏನ್ ಮಾಡ್ತೀರಿ?"

"ಮಳೆ ಬರಲ್ಲ ಬಿಡಿ. ಫೋನಲ್ಲಿ ನೋಡಿದೀನಿ. ಸನ್ನಿ ಅಂತ ತೋರಿಸ್ತಿದೆ."

"ಫೋನ್ ತೋರಿಸ್ತೈತ್ರೀ. ಮ್ಯಾಲಿನಾಂವ ಏನ್ ತೋರಿಸ್ತಾನೋ ಯಾರಿಗ್ಗೊತ್ತು. ಕುಬಸ ಅಂದ್ರ ಮಂದಿ ಆರಾಮ ಕುಂದರಬೇಕ್ರೀ. ಭಾನುವಾರ ಮುಂಜಾನಿ ಒಂಬತ್ತರ ತನಕ ಹಾಲ್ ಹಿಡದಿರ್ತೀನಿ. ಬ್ಯಾಡ ಅಂದ್ರ ಆವಾಗ ಹೇಳ್ರಿ."

ನಾವು ಬಳೆ ಶಾಸ್ತ್ರ ಎನ್ನುವುದಕ್ಕೆ ಅವರ ಕಡೆ ಕುಬಸ ಎನ್ನುತ್ತಾರೆ. ಫೋನು ಇಟ್ಟ ಮೇಲೆ ತಂಗಿಯ ಮುಖ ಕೆಂಪಾಗಿತ್ತು.

"ನೋಡ್ದ್ಯಾ? ನಿಶ್ಚಿತಾರ್ಥ ಅವರು ಹೇಳಿದ ಕಡೆ. ಮದುವೆ ಅವರು ಹೇಳಿದ ಕಡೆ. ಆಗ ನಮ್ಗೆ ಜಾಗ ಇರ್ಲಿಲ್ಲ, ಬಾಯ್ಮುಚ್ಕೊಂಡಿದ್ದೆ. ಈಗ ಇದೆ. ತವರು ಅಂದ್ಮೇಲೆ ಹುಡುಗಿಗೆ ಒಂದು ಅಂಗಳ ಬೇಡ್ವಾ? ಈ ಬಳೆ ಮಾತ್ರ ನಾನು ಬಿಟ್ಕೊಡಲ್ಲ."

ಬಿಟ್ಟುಕೊಡದಿರುವುದು ನಮ್ಮ ಮನೆತನದ ಗುಣ. ನಾನು ಮೈಸೂರಿನ ಸೌದೆ ಡಿಪೋದಲ್ಲಿ ಗರಗಸ ಎಳೆಯುವ ಕೂಲಿಯಾಗಿ ಶುರು ಮಾಡಿದವನು. ಈಗ ಮರದ ಅಂಗಡಿ ನನ್ನದು, ಪಕ್ಕದ ಹಾರ್ಡ್‌ವೇರ್ ಅಂಗಡಿಯೂ ನನ್ನದು. ಚೌಕಾಸಿ ಮಾಡದೆ ಒಂದು ಮೊಳೆಯನ್ನೂ ಕೊಂಡಿಲ್ಲ. ಹಾಗಾಗಿ ಮರುದಿನ ಮೇಘನಾ ಕರೆದೊಯ್ದ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು, ಬೀನ್ಸು, ತೆಂಗಿನಕಾಯಿ ಎಲ್ಲ ಆದ ಮೇಲೆ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಳಿತು.

"ಒಂದೆರಡು ಎಸಳು ಕರಿಬೇವು ಕೊಸರು ಹಾಕಮ್ಮ."

ಗಲ್ಲಾದಲ್ಲಿದ್ದ ಗುಜರಾತಿ ಹುಡುಗಿ ಕಂಪ್ಯೂಟರಿನಲ್ಲಿ 'ಕೊಸರು' ಎಂದು ಹುಡುಕಿದಳು. ಸಿಗಲಿಲ್ಲ. ಒಳಗೆ ಹೋಗಿ ವಿಚಾರಿಸಿ ಬಂದು, ಆ ಸೊಪ್ಪು ಗುರುವಾರ ಬರಬಹುದು ಎಂದಳು. ಮೇಘನಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಮಾವ, ದೇ ಡೋಂಟ್ ಡೂ ದಟ್ ಹಿಯರ್!"

ಲೆಕ್ಕದ ಸಾಮಾನು ಕೊಟ್ಟ ಮೇಲೆ, ಸಂತೋಷಕ್ಕೆಂದು ಮೇಲೊಂದಿಷ್ಟು ಹಾಕುವುದು ಕೊಸರು. ಅದಿಲ್ಲದ ವ್ಯಾಪಾರ ನನಗೆ ಒಗ್ಗರಣೆಯಿಲ್ಲದ ಸಾರಿನ ಹಾಗೆ. ಇಷ್ಟು ದೊಡ್ಡ ದೇಶದಲ್ಲಿ ಕೊಸರು ಕೊಡುವವರು ಒಬ್ಬರಾದರೂ ಇರಲೇಬೇಕು ಅಂದುಕೊಂಡೆ.

ಕ್ಯಾಂಟನ್ ದಾರಿ

ಹಿತ್ತಲಿಗೆ ಶಾಮಿಯಾನ ಬೇಕಿತ್ತು. ಇಲ್ಲಿನ ಕೆಲವು ಕನ್ನಡದ ಮನೆಗಳು ಸೇರಿ ಒಂದನ್ನು ಕೊಂಡಿಟ್ಟಿವೆ. ಯಾರ ಮನೆಯಲ್ಲಿ ಕೊನೆಯ ಸಲ ಶುಭಕಾರ್ಯವಾಯಿತೋ ಅವರ ಗ್ಯಾರೇಜಿನಲ್ಲೇ ಅದರ ವಾಸ. ಈ ಸಲ ಅದು ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿತ್ತು. ಶುಕ್ರವಾರ ಪ್ರಕಾಶ ದೊಡ್ಡ ವ್ಯಾನು ತಂದ. ನಾನೂ ಹತ್ತಿ ಕುಳಿತೆ.

ಈ ರಸ್ತೆಯಲ್ಲಿ ಹೋಗುವವರಿಗೆ ಒಂದು ಎಚ್ಚರಿಕೆ. ಮಿಷಿಗನ್ ಗಡಿಯ ಸುತ್ತ ಎಲ್ಲೋ ನಿಮ್ಮ ಕೈಗಡಿಯಾರದಿಂದ ಒಂದು ಗಂಟೆ ಕಿತ್ತುಕೊಳ್ಳುತ್ತಾರೆ. ರಸೀದಿ ಇಲ್ಲ, ಬೋರ್ಡು ಸಹ ನನಗೆ ಕಾಣಲಿಲ್ಲ. "ವಾಪಸ್ ಬರುವಾಗ ಕೊಡ್ತಾರೆ ಭಾವ" ಎಂದು ಪ್ರಕಾಶ ಸಮಾಧಾನ ಹೇಳಿದ.

ಇನ್ನೊಂದು. ಇಲ್ಲಿಯ ಜನ ಬಾಗಿಲು ತೆರೆದು ಹಿಡಿದು ನಿಲ್ಲುತ್ತಾರೆ. ಒಳ್ಳೆಯ ಅಭ್ಯಾಸವೇ, ಆದರೆ ನಾವಿನ್ನೂ ಪಾರ್ಕಿಂಗ್‌ನ ಆ ತುದಿಯಲ್ಲಿ ಇರುವಾಗಲೇ ಹಿಡಿಯುತ್ತಾರೆ. ದಾರಿಯ ವಿಶ್ರಾಂತಿ ತಾಣದಲ್ಲಿ ಧಡೂತಿ ಮನುಷ್ಯನೊಬ್ಬ ನನಗಾಗಿ ಹಾಗೆ ನಿಂತುಬಿಟ್ಟ. ಅವನನ್ನು ಕಾಯಿಸಬಾರದೆಂದು ನಾನು ಓಡಿದೆ. ಓಡುವುದನ್ನು ನೋಡಿ, ಎಷ್ಟು ಅವಸರವೋ ಪಾಪ ಎಂದು ಶೌಚಾಲಯದ ದಿಕ್ಕನ್ನೂ ಕೈ ಮಾಡಿ ತೋರಿಸಿದ. ನನಗೆ ಬೇಕಿದ್ದದ್ದು ಕಾಫಿ.

ಲೊರೇನಮ್ಮನ ಗ್ಯಾರೇಜು

ಶನಿವಾರ ಬೆಳಿಗ್ಗೆ ಶಾಮಿಯಾನ ವ್ಯಾನಿಗೇರಿತು. ಕ್ಯಾಂಟನ್ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ರಸ್ತೆ ಬದಿಯ ಮನೆಯೊಂದರ ಮುಂದೆ ಹಲಗೆ ನೇತಾಡುತ್ತಿತ್ತು. ಅದರ ಮೇಲೆ ಎರಡು ಹಿಡಿಗಳ ಉದ್ದನೆಯ ಗರಗಸದ ಚಿತ್ರ, ಕೆಳಗೆ 'ಮಸೆದು ಕೊಡುತ್ತೇವೆ, ಮಾರುತ್ತೇವೆ' ಎಂಬ ಬರಹ.

"ನಿಲ್ಸು ಪ್ರಕಾಶ್. ಐದು ನಿಮಿಷ."

"ನಿಮ್ಮ ಐದು ನಿಮಿಷ ನಂಗೊತ್ತು ಭಾವ. ರತ್ನ ಬೈತಾಳೆ."

"ಬೈಯೋದು ನನ್ನ. ನೀನು ನಿಲ್ಸು."

ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಗೋಡೆಯ ತುಂಬ ಇಬ್ಬರು ಎಳೆಯುವ ಗರಗಸಗಳು, ಮಾರುಕಟ್ಟೆಯಲ್ಲಿ ತೂಗುಹಾಕಿದ ದೊಡ್ಡ ಮೀನುಗಳ ಹಾಗೆ. ಮಧ್ಯದಲ್ಲಿ ಬಿಳಿ ಜಡೆಯ ಎತ್ತರದ ಹೆಂಗಸು, ಕೈಯಲ್ಲಿ ಹಲ್ಲು ಮಸೆಯುವ ಅರ. ಹೆಸರು ಲೊರೇನ್. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಗರಗಸ ಎಳೆಯುವ ಪಂದ್ಯಗಳಲ್ಲಿ ಗೆದ್ದ ಫಲಕಗಳನ್ನು ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ, ಮೊದಲು ಕೇಳಿದ್ದು ಇಷ್ಟೇ: "ಗೋಡೆಗಾ, ಮರಕ್ಕಾ?"

ಅರ್ಥವಾಗಲಿಲ್ಲ. ಪ್ರಕಾಶ ಬಿಡಿಸಿ ಹೇಳಿದ. ಈ ಸೀಮೆಯಲ್ಲಿ ಹಳೆಯ ಗರಗಸ ಕೊಂಡು, ಅದರ ಮೇಲೆ ಹಿಮ, ಕೊಟ್ಟಿಗೆ, ಜಿಂಕೆ ಎಲ್ಲ ಬಣ್ಣದಲ್ಲಿ ಬರೆಸಿ ಹಜಾರದಲ್ಲಿ ತೂಗುಹಾಕುತ್ತಾರಂತೆ. ಅಂಥವರಿಗೆ ಈಕೆ ಮಾರುವುದಿಲ್ಲ.

"ಮರಕ್ಕೆ" ಅಂದೆ. "ಮೈಸೂರಿಗೆ."

ಸುಳ್ಳಲ್ಲ. ಕರೆಂಟಿಲ್ಲದ ಜಾಗದಲ್ಲಿ ಮರ ಕೊಯ್ಯುವವರು ಇಂದಿಗೂ ನನ್ನ ಅಂಗಡಿಗೆ ಬಂದು ಒಳ್ಳೆಯ ಗರಗಸ ಕೇಳುತ್ತಾರೆ. ಒಂದು ಮಾದರಿ ಸಿಕ್ಕರೆ ನಮ್ಮ ಕಮ್ಮಾರನಿಂದ ಮಾಡಿಸಬಹುದು. ಸಾಗಿಸಲು ಸರಕಿನ ಕಂಪನಿಯ ನಂಟ ಪಕ್ಕದಲ್ಲೇ ಇದ್ದ.

ಒಂದನ್ನು ಇಳಿಸಿಕೊಂಡೆ. ಬೆರಳ ಗೆಣ್ಣಿನಿಂದ ತಟ್ಟಿದೆ. ದೇವಸ್ಥಾನದ ಗಂಟೆಯ ಹಾಗೆ ನಾದ ನಿಧಾನಕ್ಕೆ ಸತ್ತಿತು. ಬಗ್ಗಿಸಿ ಬಿಟ್ಟೆ. ಚಂಗನೆ ನೆಟ್ಟಗಾಯಿತು. ಅಪ್ಪಟ ಉಕ್ಕು. ಮನಸ್ಸು ಕುಣಿಯಿತು, ಮುಖ ಮಾತ್ರ ಹುಳಿ ಮಾಡಿಕೊಂಡೆ. ಚೌಕಾಸಿ ಕಲಿಯುವವರು ಮೊದಲು ಕಲಿಯಬೇಕಾದದ್ದು ಈ ಮುಖ. ಎರಡನೆಯದು, ವಸ್ತುವಿನಲ್ಲಿ ಒಂದು ಐಬು ಹುಡುಕುವುದು. ಹಲ್ಲುಗಳ ಮೇಲೆ ಕಣ್ಣಾಡಿಸಿದೆ. ಸಿಕ್ಕಿಯೇ ಬಿಟ್ಟಿತು!

"ಉಕ್ಕು ಪರವಾಗಿಲ್ಲಮ್ಮ. ಆದ್ರೆ ಹಲ್ಲು ನೋಡಿ. ನಾಲ್ಕು ಹಲ್ಲಿಗೊಂದು ಮೋಟು. ಯಾರೋ ತಿಳಿಯದವರು ಅರ ಹಾಕಿದಾರೆ. ಬೆಲೆ ಇಳಿಸ್ಬೇಕು. ನಾನೇ ಎಲ್ಲಾ ಒಂದೇ ಸಮ ಮಾಡ್ಕೋತೀನಿ, ಇಲ್ಲಿ ಕೊಡಿ ಆ ಅರ."

ಪ್ರಕಾಶ ಅನುವಾದಿಸಿದ. ಲೊರೇನಮ್ಮ ನನ್ನ ಮುಖ ನೋಡಿದರು, ಅರವನ್ನು ಮೆಲ್ಲಗೆ ನನ್ನ ಕೈಗೆ ಎಟುಕದಷ್ಟು ದೂರ ಸರಿಸಿದರು, ಆಮೇಲೆ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ನಮ್ಮ ಡಿಪೋದ ಗರಗಸಕ್ಕೆ ಎಲ್ಲ ಹಲ್ಲೂ ಒಂದೇ ಎತ್ತರ. ಒಂದು ಮೋಟಾದರೆ ಮೇಸ್ತ್ರಿ ಎಲ್ಲವನ್ನೂ ಅದರ ಸಮಕ್ಕೆ ಇಳಿಸುತ್ತಿದ್ದ. ಇಲ್ಲಿಯದು ಬೇರೆ ಜಾತಿ. ಚೂಪಾದ ನಾಲ್ಕು ಹಲ್ಲು ಎಡಬಲಕ್ಕೆ ಬಾಗಿ ಮರದ ನಾರನ್ನು ಕತ್ತರಿಸುತ್ತವೆ. ಅವುಗಳ ಹಿಂದೆ, ಕವಲೊಡೆದ ತುದಿಯ ಗಿಡ್ಡ ಹಲ್ಲೊಂದು ಬಂದು, ಕತ್ತರಿಸಿದ್ದನ್ನು ಗೋರಿ ಹೊರಗೆ ಎಳೆಯುತ್ತದೆ. ಅದು ಕೂದಲೆಳೆಯಷ್ಟು ಗಿಡ್ಡ ಇರಲೇಬೇಕು. ಸಮ ಮಾಡಿದರೆ ಗರಗಸ ಸತ್ತಂತೆ. ನಾನು ಐಬು ಎಂದು ತೋರಿಸಿದ್ದು ಅದರ ಪ್ರಾಣವನ್ನೇ. ಇನ್ನೊಬ್ಬರ ಎದುರು ಇದನ್ನೆಲ್ಲ ಒಪ್ಪಿಕೊಳ್ಳಲು ಮುಜುಗರ, ಆದರೆ ನೀವು ಎಂದಾದರೂ ಅಮೆರಿಕದ ಗರಗಸ ಕೊಳ್ಳುವುದಾದರೆ ಉಪಯೋಗಕ್ಕೆ ಬರಲಿ.

"ಮಸೆಯೋದು ಗೊತ್ತಿಲ್ಲ. ಎಳೆಯೋದಾದ್ರೂ ಗೊತ್ತಾ?" ಎಂದು ಆಕೆ ಎದ್ದರು.

ಹೊರಗೆ ಅಡ್ಡಕಟ್ಟಿಗೆಯ ಮೇಲೆ ಓಕ್ ದಿಮ್ಮಿ ಸಿದ್ಧವಿತ್ತು. ಆ ತುದಿ ಅವರು, ಈ ತುದಿ ನಾನು. ಇಬ್ಬರ ಗರಗಸಕ್ಕೆ ಇರುವುದು ಒಂದೇ ಕಾನೂನು: ನಿನ್ನ ಸರದಿಯಲ್ಲಿ ಎಳಿ, ಅವರ ಸರದಿಯಲ್ಲಿ ಬಿಡು. ಕೈ ಹಿಡಿಯ ಮೇಲಿರಬೇಕು, ಬಲ ಇರಬಾರದು. ತಳ್ಳಿದೆಯೋ, ಅಲಗು ಬಳುಕಿ ನಿಲ್ಲುತ್ತದೆ. ನಮ್ಮ ಮೇಸ್ತ್ರಿ ಇಡೀ ದಿನ 'ಎಳಿ, ಬಿಡು, ಎಳಿ, ಬಿಡು' ಎಂದು ಪಕ್ಕದಲ್ಲಿ ನಿಂತು ಹಾಡುತ್ತಿದ್ದ. ಆ ಹಾಡು ನನ್ನ ತೋಳಿನಲ್ಲಿ ಇನ್ನೂ ಇತ್ತು. ಗರಗಸ ಬೆಣ್ಣೆಯಲ್ಲಿ ಇಳಿದಂತೆ ಇಳಿಯಿತು. ಇನ್ನೂ ಒಂದು ಬೆರಗು. ನಮ್ಮ ಗರಗಸದಿಂದ ಹಿಟ್ಟಿನಂಥ ಹೊಟ್ಟು ಬೀಳುತ್ತಿತ್ತು. ಇದರಿಂದ ಬಿದ್ದದ್ದು ಉದ್ದುದ್ದನೆಯ ಎಳೆಗಳು, ಥೇಟ್ ಶಾವಿಗೆ!

ತುಂಡು ಕೆಳಗೆ ಬಿದ್ದಾಗ ಲೊರೇನಮ್ಮ ತಲೆದೂಗಿದರು. ನನ್ನನ್ನು ಒಳಗೆ ಕರೆದು ಒಂದು ಹಲ್ಲಿಗೆ ಅರ ಹಾಕುವುದನ್ನು ಕಲಿಸಿದರು. ಮೊದಲು ಚಪ್ಪಟೆ ಅರವನ್ನು ಎಲ್ಲ ಚೂಪು ಹಲ್ಲುಗಳ ನೆತ್ತಿಯ ಮೇಲೆ ಒಮ್ಮೆ ಓಡಿಸಬೇಕು. ಪ್ರತಿ ತುದಿಯಲ್ಲೂ ಒಂದು ಚುಕ್ಕೆ ಹೊಳಪು ಮೂಡುತ್ತದೆ. ಆಮೇಲೆ ಒಂದೊಂದನ್ನೇ ಉಜ್ಜುತ್ತ, ಆ ಹೊಳಪು ಮಾಯವಾದ ಕ್ಷಣವೇ ಕೈ ತೆಗೆಯಬೇಕು. "ಇನ್ನೊಂದು ಸಲ ಉಜ್ಜಿದೆ ಅಂದ್ರೆ ಅದು ಅಣ್ಣ ತಮ್ಮಂದಿರಿಗಿಂತ ಗಿಡ್ಡ ಆಯ್ತು" ಎಂದರು. ಬಿಡುವುದು ಯಾವಾಗ ಎಂದು ತಿಳಿಯುವುದೇ ಇಲ್ಲಿಯೂ ವಿದ್ಯೆ.

ಬೆಲೆ ಕುದುರಿತು. ಎಷ್ಟು ಎಂದು ಹೇಳುವುದಿಲ್ಲ. ಹೇಳಿದರೆ ಯಾರಾದರೂ ಅದಕ್ಕಿಂತ ಕಡಿಮೆಗೆ ಕೊಂಡೆ ಎನ್ನುತ್ತಾರೆ. ವ್ಯಾಪಾರ ಮುಗಿದು ಕೈ ಕುಲುಕಿದ ಮೇಲೆ ನಾನು ಕೈ ಬಿಡಲಿಲ್ಲ.

"ಕೊಸರು?" ಅಂದೆ.

ಪ್ರಕಾಶ ತಲೆ ಚಚ್ಚಿಕೊಂಡ. ಆದರೂ ವಿವರಿಸಿದ. ಲೊರೇನಮ್ಮ ಯೋಚಿಸಿದರು. "ಟಿಪ್ಪಾ? ಅದನ್ನ ಕೊಳ್ಳೋರಲ್ವಾ ಕೊಡೋದು?"

"ನಮ್ಮಲ್ಲಿ ಉಲ್ಟಾ."

"ಒಳ್ಳೇ ಊರು ನಿಮ್ಮದು" ಎಂದು, ಡಬ್ಬಿಯಿಂದ ಕಿತ್ತಳೆ ಬಣ್ಣದ ಎರಡು ಪ್ಲಾಸ್ಟಿಕ್ ಬೆಣೆಗಳನ್ನು ತೆಗೆದು ನನ್ನ ಅಂಗೈ ಮೇಲಿಟ್ಟರು. ಕಬ್ಬಿಣದ್ದು ಕೇಳಿದೆ. ಕಬ್ಬಿಣ ತಾಗಿದರೆ ಹಲ್ಲು ಹಾಳಾಗುತ್ತದೆ ಎಂದರು. ಹಳೆಯ ನೀರಿನ ರಬ್ಬರ್ ಪೈಪನ್ನು ಉದ್ದಕ್ಕೆ ಸೀಳಿ ಗರಗಸದ ಹಲ್ಲಿಗೆ ತೊಡಿಸಿಯೂ ಕೊಟ್ಟರು. ಅದನ್ನು ನಾನು ಕೇಳಿರಲಿಲ್ಲ. ಇಡೀ ದೇಶದಲ್ಲಿ ಕೊಸರು ಕೊಡುವವರು ಒಬ್ಬರು ಸಿಕ್ಕರು.

ಮರಳಿ ಬಂದಾಗ

ಹಿಂತಿರುಗುವಾಗ ಕಿತ್ತುಕೊಂಡಿದ್ದ ಗಂಟೆಯನ್ನು ವಾಪಸು ಕೊಟ್ಟರು. ಆದರೆ ಅದರ ಜೊತೆಗೆ ಬಿರುಗಾಳಿಯನ್ನೂ ಕೊಟ್ಟರು. ಇಂಡಿಯಾನಾ ದಾಟುವಾಗ ಆಕಾಶ ಹಸಿರುಗಪ್ಪಾಯಿತು. ನಾವು ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ತಂಗಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಬೇಲಿಯ ಬಳಿಯಿದ್ದ ಮೇಪಲ್ ಮರ ಬುಡಮೇಲಾಗಿ, ಶಾಮಿಯಾನ ಬರಬೇಕಿದ್ದ ಜಾಗದ ಉದ್ದಕ್ಕೂ ಮಲಗಿತ್ತು. ಅದರ ಬುಡ ಎತ್ತಿದ ಬೇರಿನ ಮೇಲೆ, ತಲೆ ಎತ್ತರದ ಕಲ್ಲುಹಾಸಿನ ಮೇಲೆ.

ಮೊದಲು ಅವಳ ಕಣ್ಣಿಗೆ ಬಿದ್ದದ್ದು ನನ್ನ ಹೆಗಲ ಮೇಲಿನ ಗರಗಸ.

"ಇಲ್ಲಿ ನನ್ನ ಹೊಟ್ಟೆ ಉರೀತಿದೆ, ನೀನು ಅಮೇರಿಕಾಗ್ ಬಂದು ಗುಜರಿ ಹೊತ್ಕೊಂಡ್ ಬಂದ್ಯಲ್ಲ ಅಣ್ಣ!"

ಮರ ಕಡಿಯುವ ಕಂಪನಿಗಳಿಗೆ ಮಧ್ಯಾಹ್ನದಿಂದ ಫೋನು ಮಾಡಿದ್ದಳು. ಊರಲ್ಲೆಲ್ಲ ಮರ ಬಿದ್ದು, ಎಲ್ಲರೂ ಮುಂದಿನ ವಾರದ ಮಾತಾಡುತ್ತಿದ್ದರು. ಪಕ್ಕದ ಮನೆಯ ಗ್ಯಾರಿ ಬೇಲಿಯ ಆಚೆಯಿಂದ ಇಣುಕಿದ. ಒಳ್ಳೆಯ ಮನುಷ್ಯ. ತನ್ನಲ್ಲಿ ಪೆಟ್ರೋಲಿನ ಗರಗಸ ಇದೆ, ಭಾನುವಾರ ಖಂಡಿತ ಬಂದು ಕೊಯ್ದು ಕೊಡುತ್ತೇನೆ ಎಂದ. ಆದರೆ ಮಧ್ಯಾಹ್ನ ಹನ್ನೆರಡರ ನಂತರ. ಭಾನುವಾರ ಅಷ್ಟರವರೆಗೆ ಯಾವ ಎಂಜಿನ್ನೂ ಸದ್ದು ಮಾಡಬಾರದೆಂಬುದು ಆ ಬಡಾವಣೆಯ ಕಟ್ಟಳೆ. ಅದನ್ನು ಮಾಡಿದ ಸಮಿತಿಯಲ್ಲಿ ಅವನೂ ಇದ್ದ. ನಮ್ಮ ಮುಹೂರ್ತ ಹನ್ನೊಂದಕ್ಕೆ.

ಫೋನು ಮತ್ತೆ ಬಂತು. ತಂಗಿ ತೆಗೆಯಲಿಲ್ಲ. ಮೇಘನಾ ತೆಗೆದು, "ಹೌದು ಅತ್ತೆ... ಮರ ಬಿದ್ದಿದೆ ಅತ್ತೆ... ಅಮ್ಮ ಅಳ್ತಿಲ್ಲ ಅತ್ತೆ" ಎಂದಳು. ಅಮ್ಮ ಅಳುತ್ತಿದ್ದಳು.

ನಾನು ಅನುವಾದಕ್ಕೆ ಪ್ರಕಾಶನನ್ನು ಕರೆದುಕೊಂಡು ಬೇಲಿಯ ಹತ್ತಿರ ಹೋದೆ. "ಗ್ಯಾರಿ ಅವರೇ, ನಿಮ್ಮ ಕಟ್ಟಳೆ ಎಂಜಿನ್ ಅನ್ನುತ್ತೋ, ಗರಗಸ ಅನ್ನುತ್ತೋ?"

ಅವನು ಕಣ್ಣು ಮೇಲಕ್ಕೆತ್ತಿ ನೆನಪಿಸಿಕೊಂಡ. "ಎಂಜಿನ್."

"ಸರಿ, ನೀವು ನೆಮ್ಮದಿಯಾಗಿ ಮಲಗಿ."

ಆಗಲೇ ಶುರು ಮಾಡಬಹುದಿತ್ತು. ಆದರೆ ಮಿಂಚು ನಿಂತಿರಲಿಲ್ಲ. ಮಿಂಚಿನಲ್ಲಿ ಅಷ್ಟುದ್ದದ ಉಕ್ಕು ಹಿಡಿದು ಬಯಲಲ್ಲಿ ನಿಲ್ಲಬೇಡಿ. ಇದೂ ಸಲಹೆಯೇ.

ಭಾನುವಾರದ ಹಿತ್ತಲು

ಬೆಳಕು ಹರಿಯುತ್ತಲೇ ರೆಂಬೆಗಳನ್ನು ಮಚ್ಚಿನಿಂದ ಸವರಿ ದಿಮ್ಮಿಯನ್ನು ಬೋಳು ಮಾಡಿದೆವು. ಮೂರು ಕಡೆ ಕೊಯ್ದು ತುಂಡುಗಳನ್ನು ಬೇಲಿಗೆ ಉರುಳಿಸಿದರೆ ಜಾಗ ತೆರವಾಗುತ್ತಿತ್ತು. ಆ ತುದಿಗೆ ಪ್ರಕಾಶ ನಿಂತ. ಒಳ್ಳೆಯವನು, ಆದರೆ ಸಹಾಯ ಮಾಡುವ ಉತ್ಸಾಹ ಹೆಚ್ಚು. ನಾನು ಎಳೆಯುವಾಗ ಅವನು ತಳ್ಳುತ್ತಿದ್ದ. ಗರಗಸ ಹಾವಿನಂತೆ ನುಲಿಯಿತು.

"ತಳ್ಬೇಡ ಮಾರಾಯ! ಬಿಡು!"

"ಬಿಟ್ರೆ ನೀವೊಬ್ರೇ ಎಳೀಬೇಕಲ್ಲ ಭಾವ, ಪಾಪ!"

"ಆ ಪಾಪ ನನಗಿರ್ಲಿ. ನೀನು ಬಿಡು!"

ಹೀಗೆ ಬೈದಾಡಿಕೊಂಡೇ ಮೊದಲ ಕೊಯ್ತದಲ್ಲಿ ಅರ್ಧ ಇಳಿದಿದ್ದೆವು. ಮರದ ಎರಡು ತುದಿಯೂ ಎತ್ತರದಲ್ಲಿ, ನಡು ಜೋತಾಡುತ್ತಿದ್ದುದರಿಂದ ಮೇಲಿನ ಸೀಳು ಮುಚ್ಚಿಕೊಂಡು ಗರಗಸವನ್ನು ಕಚ್ಚಿ ಹಿಡಿಯಿತು. ಅಲುಗಲಿಲ್ಲ. ಕಿತ್ತರೆ ಉಕ್ಕು ಮುರಿಯುತ್ತದೆ. ತಂಗಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದಳು. ಗಡಿಯಾರವನ್ನೂ ನೋಡುತ್ತಿದ್ದಳು.

ಆಗ ನೆನಪಾದದ್ದು ಕೊಸರು. ಜೇಬಿನಿಂದ ಎರಡೂ ಬೆಣೆ ತೆಗೆದು, ಗರಗಸದ ಬೆನ್ನ ಹಿಂದೆ ಸೀಳಿಗಿಟ್ಟು ಸುತ್ತಿಗೆಯಿಂದ ಬಡಿದೆ. ಮರ ಕಿರುಗುಟ್ಟಿತು. ಸೀಳು ಬಾಯಿಬಿಟ್ಟಿತು. ಗರಗಸ ತಾನಾಗಿ ಸಡಿಲವಾಗಿ ನಕ್ಕಂತಾಯಿತು. ಆ ಪ್ಲಾಸ್ಟಿಕ್ ತುಣುಕುಗಳನ್ನು ಅಂದು ಚಿನ್ನಕ್ಕೂ ಕೊಡುತ್ತಿರಲಿಲ್ಲ. ಮೊದಲ ತುಂಡು ಬಿತ್ತು. ಎರಡನೆಯದೂ ಬಿತ್ತು. ಅಷ್ಟರಲ್ಲಿ ಪ್ರಕಾಶನ ಅಂಗೈ ಬೊಬ್ಬೆ ಬಂದು ಒಡೆದು, ಅವನು ಹುಲ್ಲಿನ ಮೇಲೆ ಮಲಗಿಬಿಟ್ಟ.

ಆ ಹೊತ್ತಿಗೆ ಸರಿಯಾಗಿ ಬಂದಿಳಿದವರು ವಸುಂಧರಾ. ಒಂಬತ್ತಕ್ಕೆ ಮೊದಲೇ ಕಣ್ಣಾರೆ ನೋಡಿ ತೀರ್ಮಾನಿಸಲು ಬಂದಿದ್ದರು. ಹಸಿರು ಇಳಕಲ್ ಸೀರೆ, ಕೈಯಲ್ಲಿ ಫೋನು. ಹಿತ್ತಲಿಗೆ ಕಾಲಿಟ್ಟವರೇ ದಿಮ್ಮಿಯ ಕೆಳಗೆ ಬಗ್ಗಿ ಒಂದು ಹಿಡಿ ಎಳೆಗಳನ್ನು ಎತ್ತಿಕೊಂಡರು.

"ಅಯ್ಯ, ಶಾವಗಿ ಹೊಸೆದಂಗ ಬಿದ್ದೈತಲ್ರೀ! ಏನ್ ಮಾಡಾಕತ್ತೀರಿ ಬೀಗರ?"

ಕೊಸರಿನ ಕಥೆಯಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಇನ್ನೊಂದೇ ಕೊಯ್ತ ಉಳಿದಿದೆ, ಆ ತುದಿಗೆ ಆಳಿಲ್ಲ ಎಂದೂ ಹೇಳಿದೆ. ಹೇಳುವಾಗ ಸ್ವಲ್ಪ ಹೆಚ್ಚೇ ಸುಸ್ತಾದವನ ಹಾಗೆ ಬೇಲಿಗೆ ಒರಗಿದೆ.

"ಎಳಿ, ಬಿಡು ಅಂದ್ರ ಬೀಸೂಕಲ್ಲಿನ ಗತೇನ ಐತಲ್ರೀ" ಎಂದರು ವಸುಂಧರಾ. "ಸಣ್ಣಾಕಿದ್ದಾಗ ನಾನೂ ನಮ್ಮವ್ವನೂ ಒಂದ ಗೂಟಾ ಹಿಡದು ಜ್ವಾಳಾ ಬೀಸ್ತಿದ್ವಿ. ಆಕಿ ಎಳದ್ರ ನಾ ಬಿಡೂದು, ನಾ ಎಳದ್ರ ಆಕಿ ಬಿಡೂದು." ಫೋನನ್ನು ಜೊತೆಗೆ ಬಂದಿದ್ದ ಮಗನ, ಅಂದರೆ ಮೇಘನಾಳ ಗಂಡನ ಕೈಗಿತ್ತು ಸೆರಗು ಬಿಗಿದರು. "ಆ ಕಡೆ ಯಾರ್ ಬರ್ತೀರಿ?"

ನಾನು ಎದ್ದೇಳುವ ಮೊದಲೇ ಅಡುಗೆಮನೆಯ ಬಾಗಿಲು ತೆರೆಯಿತು. ತಂಗಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದಳು. ನಮ್ಮ ಮನೆಯಲ್ಲೂ ರಾಗಿ ಬೀಸುವ ಕಲ್ಲಿತ್ತು. ಗೂಟದ ಒಂದು ಕಡೆ ನಮ್ಮಮ್ಮ, ಇನ್ನೊಂದು ಕಡೆ ಇವಳು.

"ನಮ್ಮನೆ ಮರ. ನಾನೇ ಹಿಡೀತೀನಿ" ಎಂದಳು.

"ಹಿಡೀರಿ ಮತ್ತ."

ಇಬ್ಬರು ಬೀಗಿತಿಯರು ಒಂದೇ ಗರಗಸದ ಎರಡು ತುದಿ ಹಿಡಿದು ನಿಂತರು. ಮೊದಲ ನಾಲ್ಕಾರು ಎಳೆತ ಇಬ್ಬರೂ ಬಿಡಲಿಲ್ಲ. ಇಬ್ಬರೂ ಒಟ್ಟಿಗೇ ಎಳೆದರು. ಗರಗಸ ನಡುವೆ ಕಂಪಿಸುತ್ತ ನಿಂತಿತು. ಹೆಂಗಸರಿಬ್ಬರ ನಡುವೆ ಸಲಹೆ ಕೊಡುವಷ್ಟು ದಡ್ಡ ನಾನಲ್ಲ. ಆಮೇಲೆ ವಸುಂಧರಾ ಬಾಯಲ್ಲಿ ಮೆಲ್ಲಗೆ ಒಂದು ಹ್ಞೂಂಕಾರ ಶುರುವಾಯಿತು, ಬೀಸುವಾಗ ಬರುವಂಥದ್ದು. ತಂಗಿಯ ತೋಳು ಅದನ್ನು ಗುರುತಿಸಿತು. ಒಬ್ಬರು ಎಳೆದರು, ಒಬ್ಬರು ಬಿಟ್ಟರು. ಬಳೆಗಳ ಸದ್ದು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಶಾವಿಗೆ ಉದುರತೊಡಗಿತು. ನಾನು ಬೆಣೆ ಬಡಿಯುವುದು, ಅಲಗಿಗೆ ಎಣ್ಣೆ ಬಿಡುವುದು ಮಾಡಿದೆ. ಬೇಲಿಯ ಆಚೆ ಗ್ಯಾರಿ ಕಾಫಿ ಲೋಟ ಹಿಡಿದು, ಕಟ್ಟಳೆಯ ಭಂಗವಾಗಿಲ್ಲವೆಂದು ಖಾತ್ರಿ ಮಾಡಿಕೊಂಡು, ಹೆಂಡತಿಯನ್ನೂ ಕೂಗಿ ಕರೆದ.

ದಿಮ್ಮಿ ಧಡ್ಡನೆ ಬಿತ್ತು. ಎರಡು ಹಿತ್ತಲಿನಿಂದಲೂ ಚಪ್ಪಾಳೆ ಬಿತ್ತು. ನನ್ನ ತಂಗಿ ಗರಗಸದ ಹಿಡಿ ಬಿಡದೆ, ಬೆವರಿದ ಮುಖವನ್ನು ತೋಳಿನಿಂದ ಒರೆಸಿಕೊಂಡು ನಕ್ಕಳು. ವಸುಂಧರಾ ಮಗನ ಕೈಯಿಂದ ಫೋನು ತೆಗೆದುಕೊಂಡು ಅರೋರಾದ ಹಾಲ್‌ನವರಿಗೆ ಹೇಳಿದ್ದು ಎರಡೇ ಮಾತು: "ಹಾಲ್ ಬ್ಯಾಡ್ರಿ."

ಮುಹೂರ್ತಕ್ಕೆ ಶಾಮಿಯಾನ ನಿಂತಿತ್ತು. ಮರದ ತುಂಡುಗಳ ಮೇಲೆ ಮಕ್ಕಳು ಕುಳಿತಿದ್ದವು. ಅಗಲದ ತುಂಡೊಂದರ ಮೇಲೆ ದೀಪ ಉರಿಯುತ್ತಿತ್ತು. ಹಸೆಯ ಮೇಲೆ ಕೂತ ಮೇಘನಾಳ ಎರಡೂ ಕೈ ಹಸಿರಾಯಿತು. ಅಲ್ಲಿಯೂ ಒಂದು ಬಳೆಯೂ ಒಡೆಯಲಿಲ್ಲ.

ಊಟಕ್ಕೆ ಏಳುವ ಮೊದಲು ವಸುಂಧರಾ ಗಂಟಲು ಸರಿಪಡಿಸಿಕೊಂಡರು.

"ಬಳಿ ನಿಮ್ಮ ಅಂಗಳದಾಗ ಆತು. ಚಂದ ಆತು. ಹಂಗಾರ ನನಗೇನ್ ಕೊಸರು?"

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. "ಏನ್ ಬೇಕು ಕೇಳಿ" ಎಂದಳು, ಎಚ್ಚರದಿಂದ.

"ಕೂಸಿನ್ನ ತೊಟ್ಲಾಗ ಹಾಕೂದು, ಹೆಸರಿಡೂದು ಅರೋರಾದಾಗ. ನಮ್ಮ ಮನ್ಯಾಗ."

ಅದು ಸಣ್ಣ ಕೊಸರಲ್ಲ. ನಮ್ಮಲ್ಲಿ ಅದೂ ತವರಿನದೇ. ತಂಗಿ ನನ್ನ ಕಡೆ ನೋಡಿದಳು. ನಾನು ಮುಷ್ಟಿ ಹಿಡಿದು, ಗರಗಸದ ಹಿಡಿಯ ಮೇಲಿಂದ ಬಲ ತೆಗೆಯುವ ಹಾಗೆ ಬೆರಳುಗಳನ್ನು ಸಡಿಲಿಸಿ ತೋರಿಸಿದೆ. ಅವಳಿಗೆ ಸಿಟ್ಟೂ ಬಂತು, ನಗುವೂ ಬಂತು.

"ಬಿಟ್ಟೆ, ತಗೊಳ್ಳಿ" ಎಂದಳು. "ಆದ್ರೆ ಪಾಯಸ ನಾನೇ ಮಾಡೋದು. ಶಾವಿಗೇದು."

"ಶಾವಗಿ ನಂದು, ಬೆಲ್ಲ ನಿಮ್ದು" ಎಂದರು ವಸುಂಧರಾ. ವ್ಯಾಪಾರ ಕುದುರಿತು.

ಗರಗಸ ಈಗ ಮೈಸೂರಿನ ನನ್ನ ಅಂಗಡಿಯಲ್ಲಿದೆ. ಗೋಡೆಯ ಮೇಲಲ್ಲ, ಕೆಲಸದಲ್ಲಿ. ಕಮ್ಮಾರ ಅದರ ಗಿಡ್ಡ ಹಲ್ಲು ನೋಡಿ, ಇದನ್ನು ಸಮ ಮಾಡಲೇ ಅಣ್ಣ ಎಂದಾಗ ನಾನೂ ಅರವನ್ನು ದೂರ ಸರಿಸಿ ಮನಸಾರೆ ನಕ್ಕೆ. ಬೆಣೆ ಮಾತ್ರ ಒಂದೇ ಬಂದಿದೆ. ಆ ಭಾನುವಾರ ಹೊರಡುವಾಗ ವಸುಂಧರಾ ಇನ್ನೊಂದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಿದ್ದರು. ಅದು ಗರಗಸದ ಜೋಡಿ, ಕೊಡುವುದಕ್ಕಾಗುವುದಿಲ್ಲ ಎಂದೆ.

"ನಿಮಗ ಎರಡ ಪುಗಸಟ್ಟೆ ಸಿಕ್ಕಾವಲ್ರೀ ಬೀಗರ. ಒಂದು ನನಗ ಕೊಸರು" ಎಂದು ಕಾರು ಹತ್ತಿದರು. ಇಷ್ಟು ವರ್ಷದ ವ್ಯಾಪಾರದಲ್ಲಿ ನನ್ನ ಕೊಸರಿನ ಮೇಲೆ ಕೊಸರು ಕಿತ್ತವರು ಅವರೊಬ್ಬರೇ.